ಲೈಸೆನ್ಸ್ ಸಿಕ್ಕಿತು, ಈಗ ಯಾವ ಪಿಸ್ತೂಲು?

ನಮ್ಮ ಬಳ್ಳಾರಿ ಜಿಲ್ಲೆಯ ಕರೂರಿನಿಂದ ಸಿರುಗುಪ್ಪಕ್ಕೋ, ಗಡಿಯಾಚೆಯ ಆದೋನಿಗೋ ಭತ್ತದ ದುಡ್ಡು ಹೊತ್ತು ಓಡಾಡುವ ವ್ಯಾಪಾರಿಗೆ, ರೈಸ್‌ಮಿಲ್ ನಡೆಸುವವರಿಗೆ, ಗುತ್ತಿಗೆದಾರರಿಗೆ ಯಾರಾದರೊಬ್ಬರು ಈ ಸಲಹೆ ಕೊಟ್ಟೇ ಕೊಡುತ್ತಾರೆ: ‘ಒಂದು ಲೈಸೆನ್ಸ್ ಮಾಡಿಸಿಬಿಡ್ರಿ, ಸಣ್ಣದೊಂದು ಸೊಂಟದಾಗ ಇರ್ಲಿ.’ ಸಲಹೆ ಕೊಡುವವರಿಗೆ ಖರ್ಚಿಲ್ಲ. ಕೇಳಿಸಿಕೊಂಡವರು ಮೊಬೈಲ್ ತೆಗೆದು ಅಮೆರಿಕದ ವಿಡಿಯೋ ನೋಡತೊಡಗುತ್ತಾರೆ. ಅಂಗೈಯಲ್ಲಿ ಅಡಗುವ ಪಿಸ್ತೂಲು, ಜೇಬಿನಲ್ಲಿದ್ದರೂ ಗೊತ್ತಾಗದ ತೂಕ.

ಆ ವಿಡಿಯೋಗಳು ನಮ್ಮ ಊರಿನವಲ್ಲ ಎಂಬುದನ್ನು ಮೊದಲು ತಿಳಿಯಬೇಕು. 2008ರಲ್ಲಿ ಬಂದ ರೂಗರ್ ಎಲ್‌ಸಿಪಿ ಸುಮಾರು 270 ಗ್ರಾಂ ತೂಗುತ್ತದೆ. ಅಲ್ಲಿನ ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಅದನ್ನು ಅಂಗಿಯೊಳಗೆ ಮರೆಮಾಡಿಕೊಂಡು ತಿರುಗಲು ಪ್ರತ್ಯೇಕ ಪರವಾನಗಿಯೇ ಬೇಕಿಲ್ಲ. ಇಲ್ಲಿ ಸಾಮಾನ್ಯ ಲೈಸೆನ್ಸ್‌ದಾರರಿಗೆ ವಿದೇಶಿ ಕೈಬಂದೂಕಿನ ಆಮದು 1980ರ ದಶಕದಿಂದ ಮುಚ್ಚಿದ ಬಾಗಿಲು. ಹಾಗಾಗಿಯೇ ಅಜ್ಜನ ಕಾಲದ ವಿದೇಶಿ ಪಿಸ್ತೂಲುಗಳು ಇಂದಿಗೂ ಲಕ್ಷಗಟ್ಟಲೆ ಬೆಲೆಗೆ ಕೈ ಬದಲಿಸುತ್ತವೆ. ಪೊಲೀಸರು, ಸೈನಿಕರು ಬಳಸುವ 9 ಎಂ.ಎಂ. ನಿಷೇಧಿತ ಬೋರ್ (ನಳಿಕೆಯ ಒಳ ಅಳತೆ). ಸಾಮಾನ್ಯ ಅರ್ಜಿದಾರನಿಗೆ ಉಳಿಯುವುದು ಹೆಚ್ಚಾಗಿ .32, ಇಲ್ಲವೇ .22.

ಲೈಸೆನ್ಸ್ ಕೂಡ ಕೇಳಿದವರಿಗೆಲ್ಲ ಸಿಗುವ ವಸ್ತುವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ನು ಎರಡು ಬಗೆಯ ಅರ್ಜಿದಾರರನ್ನು ಬೇರೆ ಬೇರೆಯಾಗಿ ನೋಡುತ್ತದೆ. ಬೆಳೆ ಕಾಯಲು ಮದ್ದು ತುಂಬುವ ಕೋವಿ ಬೇಕೆಂದೋ, ರಕ್ಷಣೆಗೆ 20 ಇಂಚಿಗೆ ಕಡಿಮೆಯಿಲ್ಲದ ನಳಿಕೆಯ ನಯಬೋರ್ ಬಂದೂಕು ಬೇಕೆಂದೋ ಕೇಳುವವರ ಬಗ್ಗೆ ಕಾನೂನಿಗೆ ಉದಾರ ಮನಸ್ಸಿದೆ. ಪಿಸ್ತೂಲು, ರಿವಾಲ್ವರ್ ಕೇಳುವವರು ಮಾತ್ರ ‘ತಕ್ಕ ಕಾರಣ’ ತೋರಿಸಬೇಕು. ಹಂದಿ ಓಡಿಸಲು ಪಿಸ್ತೂಲು ಬೇಕು ಎಂದರೆ ಅದು ಕಾರಣವೂ ಅಲ್ಲ, ಹಂದಿಗೆ ತಾಗುವುದೂ ಇಲ್ಲ. ಬಳ್ಳಾರಿಯಲ್ಲಿ ಪೊಲೀಸ್ ಕಮಿಷನರೇಟ್ ಇಲ್ಲದ್ದರಿಂದ ಅರ್ಜಿ ಜಿಲ್ಲಾಧಿಕಾರಿಯ ಮುಂದೆ ಹೋಗುತ್ತದೆ, ಪೊಲೀಸ್ ವರದಿ ಬರುತ್ತದೆ, ನಿರಾಕರಿಸಿದರೆ 18ನೇ ಸೆಕ್ಷನ್ನಿನಡಿ ಮೇಲ್ಮನವಿ ಉಂಟು. ಅಮೆರಿಕದ ಸಂವಿಧಾನದಲ್ಲಿರುವಂತೆ ನಮ್ಮಲ್ಲಿ ಆಯುಧ ಹೊಂದುವುದು ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಫೆಬ್ರುವರಿಯಲ್ಲಿ ಮತ್ತೊಮ್ಮೆ ನೆನಪಿಸಿದೆ. 2019ರ ತಿದ್ದುಪಡಿಯ ಬಳಿಕ ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸ್ ಅವಧಿ 5 ವರ್ಷ.

ಇಷ್ಟೆಲ್ಲ ದಾಟಿ ಬಂದವರ ಎದುರಿಗೆ ಏನೇನಿದೆ?

ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಹಳೆಯ ಗಿರಾಕಿ. ಆರು ಗುಂಡು, ಮೂರಿಂಚಿನ ನಳಿಕೆ, ಸುಮಾರು 700 ಗ್ರಾಂ ತೂಕ. ದೆಹಲಿಯ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ, 2014ರಲ್ಲಿ, ಮಹಿಳೆಯರಿಗೆಂದು ಪ್ರಚಾರ ಮಾಡಿ ‘ನಿರ್ಭೀಕ್’ ತಂದರು. ಟೈಟಾನಿಯಂ ಮಿಶ್ರಲೋಹ, 500 ಗ್ರಾಂ ಆಸುಪಾಸು, ಬೆಲೆ ಆಗಲೇ 1.22 ಲಕ್ಷ ರೂಪಾಯಿ. ಬಸ್‌ಸ್ಟ್ಯಾಂಡಿನಲ್ಲಿ ಕತ್ತಲಿಗೆ ಹೆದರುವ ಹೆಣ್ಣುಮಗಳ ಕೈಗೆ ಎಟುಕುವ ಬೆಲೆಯೇ ಅದು? ಬೀದಿದೀಪ ಹಾಕಿಸುವುದಕ್ಕಿಂತ ರಿವಾಲ್ವರಿಗೆ ಹೆಸರಿಡುವುದು ಸರ್ಕಾರಕ್ಕೆ ಸುಲಭವಾಗಿ ಕಂಡಿರಬೇಕು. ಆಮೇಲೆ ಇಶಾಪುರದ ರೈಫಲ್ ಫ್ಯಾಕ್ಟರಿಯಿಂದ .22ರ ‘ನಿಡರ್’ ಬಂತು, ಬರೀ 250 ಗ್ರಾಂ. 2023ರ ಆಗಸ್ಟ್‌ನಲ್ಲಿ ಕಾನ್ಪುರದಿಂದಲೇ ‘ಪ್ರಬಲ್’. ಇದರ ಗುಂಡಿನ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ತೂಕ ಮತ್ತೆ 700 ಗ್ರಾಂಗೆ ಮರಳಿದೆ. ಪಿಸ್ತೂಲೇ ಬೇಕೆನ್ನುವವರಿಗೆ .32 ‘ಅಶನಿ’ ಇದೆ. 2025ರ ಸೆಪ್ಟೆಂಬರ್ 22ರಿಂದ ಪಿಸ್ತೂಲು, ರಿವಾಲ್ವರ್‌ಗಳ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 40ಕ್ಕೆ ಏರಿದೆ ಎಂಬುದನ್ನೂ ಜೇಬಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಅಂಗಡಿಯಲ್ಲಿ ಎರಡನ್ನು ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿದವರೆಲ್ಲ ಹಗುರವಾದದ್ದನ್ನೇ ಮೆಚ್ಚುತ್ತಾರೆ. ಹೊರುವುದಕ್ಕೆ ಅದು ಸರಿ. ಹಾರಿಸುವುದಕ್ಕೆ ಸರಿಯಲ್ಲ. ಕಾರಣ ಹೈಸ್ಕೂಲಿನ ಭೌತವಿಜ್ಞಾನದಲ್ಲೇ ಇದೆ. ಗುಂಡು ಮುಂದಕ್ಕೆ ಹೋಗುವ ಆವೇಗದಷ್ಟೇ ಆವೇಗದಲ್ಲಿ ಬಂದೂಕು ಹಿಂದಕ್ಕೆ ಬರುತ್ತದೆ. ಗುಂಡು ಅದೇ ಇದ್ದು ಬಂದೂಕಿನ ತೂಕ ಇಳಿದರೆ ಅದು ಹಿಂದಕ್ಕೆ ಬರುವ ವೇಗ ಏರುತ್ತದೆ. 700 ಗ್ರಾಂ ರಿವಾಲ್ವರಿನ ಒದೆತದ ಶಕ್ತಿ 100 ಎಂದಿಟ್ಟುಕೊಂಡರೆ, ಅದೇ ಗುಂಡಿಗೆ 500 ಗ್ರಾಂ ರಿವಾಲ್ವರಿನದು 140. .32 ಮೆತ್ತನೆಯ ಗುಂಡು, ಮಣಿಕಟ್ಟು ಮುರಿಯುವಂಥದ್ದಲ್ಲ, ಒಂದು ಸಲ ಯಾರಾದರೂ ತಡೆದುಕೊಳ್ಳುತ್ತಾರೆ. ತೊಂದರೆ ಎರಡನೇ ಗುಂಡಿನದು. ನಳಿಕೆ ಮೇಲೆದ್ದು ಮತ್ತೆ ಗುರಿಗೆ ಇಳಿಯುವ ಹೊತ್ತು ಹೆಚ್ಚಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಕೈ ನೋಯುತ್ತದೆಂದು ಅಭ್ಯಾಸವನ್ನೇ ಬಿಡುವುದು.

ಟ್ರಿಗರ್ ಬಗ್ಗೆ ಅಂಗಡಿಯವರು ಹೇಳುವುದು ಕಡಿಮೆ. ಕುದುರೆ (ಹ್ಯಾಮರ್) ಎಳೆಯದೆ ನೇರವಾಗಿ ಹಾರಿಸುವ ರಿವಾಲ್ವರಿನ ಟ್ರಿಗರ್ ಒತ್ತಲು ಸಾಮಾನ್ಯವಾಗಿ ನಾಲ್ಕೈದು ಕಿಲೋ ಬಲ ಬೇಕು. ಅರ್ಧ ಕಿಲೋದ ವಸ್ತುವಿನ ಮೇಲೆ ಒಂದೇ ಬೆರಳು ಅಷ್ಟು ಬಲ ಹಾಕಿದರೆ ಗುಂಡು ಹೊರಡುವ ಮೊದಲೇ ನಳಿಕೆ ಪಕ್ಕಕ್ಕೆ ಸರಿದಿರುತ್ತದೆ. ಗಿಡ್ಡ ನಳಿಕೆ ಇದಕ್ಕೆ ಇನ್ನಷ್ಟು ಕೂಡಿಸುತ್ತದೆ. ಮುಂದಿನ ಗುರಿಮೊಳೆಗೂ ಹಿಂದಿನದಕ್ಕೂ 10 ಸೆಂಟಿಮೀಟರ್ ಅಂತರವಿದ್ದು, ಕಣ್ಣಳತೆ ಒಂದೇ ಮಿಲಿಮೀಟರ್ ತಪ್ಪಿದರೆ 10 ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ಆಚೆ ಬೀಳುತ್ತದೆ. ಭಯದಲ್ಲಿ ಕೈ ನಡುಗುವಾಗ ತಪ್ಪುವುದು ಒಂದು ಮಿಲಿಮೀಟರ್ ಮಾತ್ರವಲ್ಲ. ಸಂತೆಬೀದಿಯಲ್ಲಿ ಆ ಆಚೆ ಯಾರೋ ನಿಂತಿರುತ್ತಾರೆ.

ಪಿಸ್ತೂಲೋ ರಿವಾಲ್ವರೋ ಎಂಬ ವಾದ ಬಹಳ ಹಳೆಯದು. ನನ್ನ ಮತ ರಿವಾಲ್ವರಿಗೆ. ಪಿಸ್ತೂಲು ತೆಳ್ಳಗಿದ್ದು ಅಂಗಿಯಡಿ ಉಬ್ಬುವುದಿಲ್ಲ, ಮ್ಯಾಗಜೀನಿನಲ್ಲಿ ಎಂಟು ಗುಂಡು ಹಿಡಿಯುತ್ತದೆ, ನಿಜ. ಆದರೆ ಮ್ಯಾಗಜೀನ್ ತೆಗೆದಿಟ್ಟು ‘ಖಾಲಿಯಾಯಿತು’ ಎಂದುಕೊಂಡಾಗಲೂ ನಳಿಕೆಯ ಬುಡದಲ್ಲಿ ಒಂದು ಗುಂಡು ಕೂತಿರಬಹುದು. ಮನೆಗಳಲ್ಲಿ ಆಗುವ ಅವಘಡಗಳಿಗೆ ಇದೊಂದು ಹಳೆಯ ಕಾರಣ. ರಿವಾಲ್ವರಿನ ಹೊಟ್ಟೆ ತೆರೆದರೆ ಆರೂ ಕಣ್ಣಿಗೆ ಕಾಣುತ್ತವೆ. ಒಂದು ಗುಂಡು ಠುಸ್ಸಾದರೆ ಮತ್ತೆ ಟ್ರಿಗರ್ ಎಳೆದರಾಯಿತು, ಪಿಸ್ತೂಲಾದರೆ ಸ್ಲೈಡ್ ಎಳೆದು ಹೊರಹಾಕಬೇಕು. ತಿಂಗಳಿಗೊಮ್ಮೆಯೂ ಅಭ್ಯಾಸ ಮಾಡದವರು ಆ ಕ್ಷಣದಲ್ಲಿ ಅದನ್ನು ಮಾಡಲಾರರು. ಇನ್ನೊಂದು ಎಚ್ಚರ: ಎರಡಕ್ಕೂ .32 ಎಂದೇ ಕರೆದರೂ ರಿವಾಲ್ವರಿನ ಗುಂಡು ಬೇರೆ, ಪಿಸ್ತೂಲಿನ ಗುಂಡು ಬೇರೆ. ಡಬ್ಬಿ ಓದಿ ಕೊಳ್ಳಿ.

ಇನ್ನು ಬಟ್ಟೆ, ಬಿಸಿಲು. ಅಮೆರಿಕದ ವಿಡಿಯೋದವನು ಜೀನ್ಸ್ ಮೇಲೆ ಜಾಕೆಟ್ ತೊಟ್ಟಿರುತ್ತಾನೆ. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಬಿಸಿಲು, ಮೈಮೇಲೆ ತೆಳು ಕಾಟನ್ ಅಂಗಿ, ಎಷ್ಟೋ ಜನರಿಗೆ ಪಂಚೆ. ಪಂಚೆಯ ಮಡಿಕೆಗೆ ಸಿಕ್ಕಿಸಿದ ಆಯುಧ ಬೈಕ್ ಹತ್ತಿಳಿಯುವಾಗ ಜಾರುತ್ತದೆ. ಜೇಬಿಗೆ ಹಾಗೇ ಹಾಕಿದರೆ ಬೀಗದ ಕೈ, ಚಿಲ್ಲರೆ ಟ್ರಿಗರಿನ ಬಳೆಯೊಳಗೆ ಸೇರುತ್ತವೆ. ಜನಕ್ಕೆ ಹಗುರ ಬೇಕೆನಿಸುವುದಕ್ಕೆ ಅರ್ಧ ಕಾರಣ ಸರಿಯಾದ ಬೆಲ್ಟು ಇಲ್ಲದಿರುವುದು. ಗಟ್ಟಿ ಬೆಲ್ಟು, ಟ್ರಿಗರ್ ಪೂರ್ತಿ ಮುಚ್ಚುವ ಹೋಲ್‌ಸ್ಟರ್ ಇದ್ದರೆ 700 ಗ್ರಾಂ ದಿನವಿಡೀ ಭಾರವೆನಿಸದು. 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುವುದೂ ಅದನ್ನೇ: ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಹೋಲ್‌ಸ್ಟರಿನಲ್ಲಿ, ಮೈಗೆ ಅಂಟಿಕೊಂಡು, ಮುಚ್ಚಿರಬೇಕು. ಬೈಕಿನ ಪೆಟ್ಟಿಗೆಯಲ್ಲೋ ಕಾರಿನ ಡ್ಯಾಶ್‌ಬೋರ್ಡಿನಲ್ಲೋ ಇಟ್ಟು ಟೀ ಕುಡಿಯಲು ಇಳಿಯುವುದು ಕಳ್ಳನಿಗೆ ಆಯುಧ ಕೊಟ್ಟ ಹಾಗೆ. ಬೆವರು ಉಕ್ಕಿನ ಶತ್ರು. ಚರ್ಮದ ಹೋಲ್‌ಸ್ಟರ್ ಅದನ್ನು ಹೀರಿ ಲೋಹಕ್ಕೆ ದಾಟಿಸುತ್ತದೆ. ಬೇಸಗೆಯಲ್ಲಿ ಒರೆಸಿ ಎಣ್ಣೆ ಹಚ್ಚುವುದನ್ನು ಆಯುಧಪೂಜೆಯವರೆಗೆ ಕಾಯಿಸಬಾರದು.

ಇಷ್ಟೆಲ್ಲ ಸರಿಹೋದರೂ ಅದು ಕಾಪಾಡೀತೇ? .32 ಪಿಸ್ತೂಲಿನ ಗುಂಡಿನದೇ ಇನ್ನೊಂದು ಹೆಸರಾದ 7.65 ಎಂ.ಎಂ. ಎಂಬ ಅಳತೆ ಕನ್ನಡದ ಪತ್ರಿಕೆ ಓದುವವರಿಗೆಲ್ಲ ಪರಿಚಯವಾದದ್ದು ಎರಡು ಕೊಲೆಗಳಿಂದ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್. ಇಬ್ಬರನ್ನೂ ಕೊಂದದ್ದು ಆ ಅಳತೆಯ ನಾಡ ಪಿಸ್ತೂಲು, ಇಬ್ಬರನ್ನೂ ಕೊಂದದ್ದು ಅವರವರ ಮನೆಬಾಗಿಲಲ್ಲಿ. ಹೊಂಚು ಹಾಕಿ ಬಂದವನಿಗೆ ಸೆಕೆಂಡುಗಳು ಸಾಕು. ಅಂಗಿ ಎತ್ತಿ, ಹೋಲ್‌ಸ್ಟರಿನಿಂದ ಸೆಳೆದು, ಗುರಿ ಹಿಡಿಯುವಷ್ಟು ಹೊತ್ತು ಎದುರಿನವರಿಗೆ ಸಿಗುವುದಿಲ್ಲ. ಭೀಮಾ ನದಿ ತೀರದ ಅಕ್ರಮ ಕಂಟ್ರಿ ಪಿಸ್ತೂಲುಗಳ ಕಥೆ ಎಲ್ಲರಿಗೂ ಗೊತ್ತು. ಲೈಸೆನ್ಸ್ ತಡವಾಯಿತೆಂದು ಆ ದಾರಿ ಹಿಡಿದರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು.

ಹಾರಿಸಿದ ಮೇಲಿನ ಮಾತೂ ಇದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್ನುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ, ಅದಕ್ಕೆ ಗೆರೆಯನ್ನೂ ಎಳೆಯುತ್ತವೆ. ಪ್ರಾಣಕ್ಕೋ ಘೋರ ಗಾಯಕ್ಕೋ ನಿಜವಾದ ಭಯವಿದ್ದರೆ ಒಂದು ಲೆಕ್ಕ. ಪಂಪ್‌ಸೆಟ್ಟಿನ ಕೇಬಲ್ ಕದ್ದು ಗದ್ದೆಬದುವಿನ ಮೇಲೆ ಓಡುವವನ ಬೆನ್ನಿಗೆ ಗುಂಡು ಹಾರಿಸಿದರೆ ಕಟಕಟೆಯಲ್ಲಿ ನಿಲ್ಲುವವರು ಕೇಬಲ್ಲಿನ ಒಡೆಯರು. ಮದುವೆ ಮೆರವಣಿಗೆಯಲ್ಲಿ, ಗೆದ್ದ ಖುಷಿಯಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಗಾಳಿಯಲ್ಲಿ ಗುಂಡು ಹಾರಿಸುವುದು 2019ರಿಂದ ಪ್ರತ್ಯೇಕ ಅಪರಾಧ: 2 ವರ್ಷದವರೆಗೆ ಸೆರೆ, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ನನ್ನ ತೀರ್ಪು ಕೇಳುವುದಾದರೆ, ಭತ್ತದ ದುಡ್ಡಿಗಾಗಿ ಪಿಸ್ತೂಲು ಬೇಕೆನ್ನುವವರು ದುಡ್ಡನ್ನು ಆರ್‌ಟಿಜಿಎಸ್‌ನಲ್ಲಿ ಕಳಿಸಲಿ, ಮಿಲ್ಲಿಗೆ ಕ್ಯಾಮೆರಾ ಹಾಕಿಸಲಿ. ನಿಜವಾದ ಜೀವಬೆದರಿಕೆ ಇರುವವರು, ಠಾಣೆಯಲ್ಲಿ ದೂರು ದಾಖಲಿಸಿರುವವರು, 700 ಗ್ರಾಂ ಆಸುಪಾಸಿನ .32 ರಿವಾಲ್ವರ್ ಕೊಳ್ಳಲಿ, ಅತಿ ಹಗುರವಾದದ್ದರ ಮೋಹ ಬಿಡಲಿ, ಮಕ್ಕಳ ಕೈಗೆ ಎಟುಕದ ಲಾಕರಿಗೂ ದುಡ್ಡು ತೆಗೆದಿಡಲಿ. ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಾಗರಿಕರಿಗೆ ಬಂದೂಕು ತರಬೇತಿ ಶಿಬಿರ ನಡೆಸುತ್ತದೆ. ಅಂಗಡಿಗೆ ಮುಂಗಡ ಕೊಡುವ ಮೊದಲು ಅಂಥ ಶಿಬಿರ ಯಾವಾಗ ಎಂದು ಎಸ್‌ಪಿ ಕಚೇರಿಯಲ್ಲಿ ವಿಚಾರಿಸಿ, ಹೆಸರು ಬರೆಸಿ.