ಬಿದ್ದವನನ್ನು ಎತ್ತುವ ಮೊದಲು



ಮಳೆಗಾಲಕ್ಕೆ ಮುನ್ನ ಮಂಗಳೂರಿನ ನಮ್ಮ ಮಳಿಗೆಗೆ ಬಂದು ಮೈಲುತುತ್ತು ಬಂದಿದೆಯೇ ಎಂದು ಕೇಳದ ಸದಸ್ಯರಿಲ್ಲ. ಕೊಳೆರೋಗದಿಂದ ಅಡಿಕೆ ಉದುರಬಾರದೆಂಬ ಕಾಳಜಿ ಅದು, ತಪ್ಪಲ್ಲ. ಆದರೆ ಮದ್ದು ಬಿಡಲು ಮರ ಏರಿದವನೇ ಉದುರಿದರೆ ಮಾಡುವುದೇನೆಂದು ಇದುವರೆಗೆ ಒಬ್ಬರೂ ಕೇಳಿದ್ದಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ಮಳೆ ಸ್ವಲ್ಪ ಹೊಳವಾದ ಒಂದು ಬೆಳಿಗ್ಗೆ, ನನ್ನ ತೋಟದಲ್ಲಿ ಎರಡನೆಯ ಸಲದ ಮದ್ದು ಬಿಡುತ್ತಿದ್ದವನು ಪಾಚಿ ಕಟ್ಟಿದ ಮರದಿಂದ ಜಾರಿ ಬಿದ್ದ. ಪ್ರಜ್ಞೆ ಇತ್ತು. "ಅಣ್ಣೇರೆ, ಕಾಲು ಇದ್ದದ್ದೇ ಗೊತ್ತಾಗುವುದಿಲ್ಲ" ಎಂದ. ನಾವು ನಾಲ್ವರು ತೋಳು, ತೊಡೆ ಹಿಡಿದೆತ್ತಿ, ಜೀಪಿನಲ್ಲಿ ಕೂರಿಸಿಕೊಂಡು ಮಂಗಳೂರಿಗೆ ಓಡಿದೆವು. ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಕೂರಿಸಿಕೊಂಡು ತಂದಿರಾ?"

ಆತ ಇಂದಿಗೂ ನಡೆಯುತ್ತಿಲ್ಲ. ಬೆನ್ನುಹುರಿಗೆ ಪೆಟ್ಟಾದದ್ದು ಬಿದ್ದಾಗಲೋ, ನಾವು ಎತ್ತಿದಾಗಲೋ ಯಾರೂ ಹೇಳಲಾರರು. ಆ ಅನುಮಾನ ನನ್ನನ್ನು ಬಿಟ್ಟಿಲ್ಲ.

ಎತ್ತರದಿಂದ ಕಾಲೂರಿ ಬಿದ್ದಾಗ ಪೆಟ್ಟು ಹಿಮ್ಮಡಿಯಿಂದ ಬೆನ್ನೆಲುಬಿಗೆ ಏರುತ್ತದೆ. ಪಕ್ಕೆಲುಬುಗಳ ಆಸರೆ ಮುಗಿದು, ಬಾಗುವ ಸೊಂಟ ಆರಂಭವಾಗುವಲ್ಲಿ ಬೆನ್ನಿನ ಮಣಿ ಜಜ್ಜಿಹೋಗುವುದು ಹೆಚ್ಚು. ಮುರಿದ ಎಲುಬು ಕೂಡೀತು. ಆದರೆ ಒಳಗಿನ ಹುರಿ ಕಡಿದರೆ ಕೂಡದು. ಜಜ್ಜಿದ ಮಣಿಯನ್ನು ಬಗ್ಗಿಸಿದರೆ, ತಿರುಚಿದರೆ, ಅದರ ಚೂರು ಹುರಿಗೆ ಒತ್ತಬಹುದು. ಹಿಮ್ಮಡಿ ಮಾತ್ರ ನೋಯುತ್ತದೆ ಎಂದವನ ಬೆನ್ನೂ ಮುರಿದಿರಬಹುದು.

ಆದ್ದರಿಂದ ಬಿದ್ದವನನ್ನು ಕೂರಿಸಬೇಡಿ, ನಿಲ್ಲಿಸಬೇಡಿ, ನೀರು ಕುಡಿಸಬೇಡಿ. 108ಕ್ಕೆ ಫೋನ್ ಮಾಡಿ, ಅವರು ಬರುವವರೆಗೆ ಅಲುಗಿಸದಿರುವುದೇ ಮೇಲು. ವಾಹನ ಬರುವಂತಿಲ್ಲದ ತೋಟವಾದರೆ ಒಬ್ಬರು ತಲೆ ಮತ್ತು ಕುತ್ತಿಗೆಯನ್ನು ನೇರವಾಗಿ ಹಿಡಿದಿರಲಿ. ಉಳಿದ ಮೂವರು ಒಂದೇ ಸಲಕ್ಕೆ, ಮರದ ದಿಮ್ಮಿ ಹೊರಳಿಸಿದಂತೆ ಹೊರಳಿಸಿ, ಅಡಿಗೆ ಅಗಲದ ಹಲಗೆ ಸರಿಸಲಿ. ಹಲಗೆ ಇಲ್ಲದಿದ್ದರೆ ಬಾಗಿಲನ್ನೇ ಕಳಚಿರಿ. ಬೈರಾಸಿನಿಂದ ಕಟ್ಟಿ, ಮಲಗಿಸಿಯೇ ಸಾಗಿಸಿರಿ.

ಮರ ಏರುವುದನ್ನೇ ತಪ್ಪಿಸುವ ದಾರಿಗಳೂ ಬಂದಿವೆ. ನೆಲದಲ್ಲೇ ನಿಂತು ಗೊನೆ ಕೊಯ್ಯುವ, ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ ಇದೆ. ಬಂಟ್ವಾಳ ತಾಲೂಕಿನ ಗಣಪತಿ ಭಟ್ಟರು ರೂಪಿಸಿದ ಮರ ಏರುವ ಯಂತ್ರವನ್ನು 2019ರಲ್ಲಿ ದೇಶವೇ ಬೆರಗಿನಿಂದ ನೋಡಿತು. ಎಲ್ಲರಿಗೂ ಇವು ಕೈಗೆಟಕಲಾರವು. ಆದರೆ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಯಾರಿಗೆ ಎಟಕದು? ಅಪಘಾತದಲ್ಲಿ ಎರಡೂ ಕಾಲುಗಳ ಶಕ್ತಿ ಶಾಶ್ವತವಾಗಿ ಹೋದರೆ ಅದರಲ್ಲಿ 2 ಲಕ್ಷ ರೂಪಾಯಿ ಸಿಗುತ್ತದೆ. ನನ್ನ ಕೆಲಸದವನಿಗೆ ನಾನು ಅದನ್ನೂ ಮಾಡಿಸಿರಲಿಲ್ಲ.

"ಹತ್ತುವವರೇ ಸಿಗದಿರುವಾಗ ಈ ನಿಯಮ ಬೇರೆಯೇ?" ಎಂದು ಕೆಲವರು ಕೇಳಿಯಾರು. ಬಿದ್ದವನ ಮನೆಯ ಪಾಡು ಕಂಡ ತಾಯಿ ತನ್ನ ಮಗನನ್ನು ಈ ಕೆಲಸಕ್ಕೆ ಕಳುಹಿಸುವಳೇ? ಜನ ಸಿಗದಿರುವುದಕ್ಕೆ ಅದೂ ಒಂದು ಕಾರಣವಲ್ಲವೇ? ಘಟ್ಟದ ಮೇಲಿನ ಕಾಫಿ ಬೆಳೆಗಾರರಿಗೂ ಇದು ಹೊರತಲ್ಲ. ಮರಗಸಿ, ಕಾಳುಮೆಣಸಿನ ಕೊಯ್ಲು ಎರಡೂ ಎತ್ತರದ ಕೆಲಸಗಳೇ.

ನನ್ನ ಸಲಹೆ ಇಷ್ಟೇ. ಸಂಘದ ಪ್ರತಿ ಶಾಖೆಯಲ್ಲೂ ಪಟ್ಟಿ ಸಹಿತ ಒಂದು ಹಲಗೆ ಇರಲಿ. ಮದ್ದಿನ ಕಾಲಕ್ಕೆ ಮುನ್ನ ಅರ್ಧ ದಿನದ ತರಬೇತಿ ನಡೆಯಲಿ. ವಿಮೆ ಮಾಡಿಸದೆ ಯಾರನ್ನೂ ಮರಕ್ಕೆ ಹತ್ತಿಸುವುದಿಲ್ಲವೆಂದು ಮಹಾಸಭೆ ನಿರ್ಣಯಿಸಲಿ.

ಆತನ ಹೆಂಡತಿ ಇಂದಿಗೂ, ಮೈ ಹುಣ್ಣಾಗದಂತೆ, ರಾತ್ರಿಯಲ್ಲೂ ಎರಡು ಗಂಟೆಗೊಮ್ಮೆ ಎದ್ದು ಗಂಡನನ್ನು ಮಗ್ಗುಲು ಬದಲಿಸುತ್ತಾಳೆ. ಒಂದು ಹಲಗೆಯ ಬೆಲೆ ಎಷ್ಟೆಂದು ಲೆಕ್ಕ ಹಾಕುವ ಮೊದಲು ಸದಸ್ಯರು ಇದನ್ನು ನೆನೆಯಬೇಕೆಂದು ವಿನಂತಿ.

— ಕಾರ್ಯದರ್ಶಿ