‘ಅಡ್ಡಿಲ್ಲ’ ಎನ್ನುವ ಕಿವಿಗಳು: ಕನ್ನಡದ ಕೇಳುಪುಸ್ತಕ ಎಡವಿದ್ದೆಲ್ಲಿ?

ಕುಮಟಾ, ಹೊನ್ನಾವರ ಸೀಮೆಯಲ್ಲಿ ‘ಅಡ್ಡಿಲ್ಲ’ ಎಂಬ ಮಾತಿಗೆ ನಿಘಂಟಿನಲ್ಲಿ ಸಿಗದ ಅರ್ಥಗಳಿವೆ. ಊಟ ರುಚಿಯಾಗಿದ್ದರೂ ಅಡ್ಡಿಲ್ಲ, ಆಟ ಸಪ್ಪೆಯಾಗಿದ್ದರೂ ಅಡ್ಡಿಲ್ಲ. ಅದು ಮೆಚ್ಚುಗೆಯೋ ನಿರಾಶೆಯೋ ಎಂಬುದನ್ನು ಹೇಳುವವರ ಧ್ವನಿಯಿಂದಲೇ ತಿಳಿದುಕೊಳ್ಳಬೇಕು. ಕನ್ನಡದ ಆಡಿಯೋ ಪುಸ್ತಕಗಳ ಬಗ್ಗೆ ಈ ಕರಾವಳಿಯ ಕೇಳುಗರನ್ನು ವಿಚಾರಿಸಿದರೆ ಬರಬಹುದಾದ ಉತ್ತರವೂ ಅದೇ. ಆದರೆ ಅದರ ಧ್ವನಿ ಮೆಚ್ಚುಗೆಯದಲ್ಲ.

ನಿರೀಕ್ಷೆ ಸಣ್ಣದಿರಲಿಲ್ಲ. 2017ರಲ್ಲಿ ಸ್ಟೋರಿಟೆಲ್, 2018ರಲ್ಲಿ ಆಡಿಬಲ್ ಭಾರತದ ಮಾರುಕಟ್ಟೆಗೆ ಕಾಲಿಟ್ಟವು. ಮೊಬೈಲ್ ಡೇಟಾ ಅಗ್ಗವಾಗಿತ್ತು. 2020ರ ಲಾಕ್‌ಡೌನ್ ದಿನಗಳ ಹೊತ್ತಿಗೆ ಕನ್ನಡದ ಕತೆ, ಕಾದಂಬರಿಗಳೂ ಕಿವಿಗೆ ದೊರೆಯತೊಡಗಿದ್ದವು. ಒಳ್ಳೆಯ ಪುಸ್ತಕ ಬೇಕೆಂದರೆ ಹುಬ್ಬಳ್ಳಿ-ಧಾರವಾಡ ಅಥವಾ ಮಂಗಳೂರಿನತ್ತ ನೋಡಬೇಕಾದ ಊರುಗಳಿಗೆ ಇದು ವರವೆಂದೇ ತೋರಿತು.

ಆದರೆ ಈ ಭಾಗದ ಕಿವಿ ಸಾಮಾನ್ಯವಾದುದಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ ಹೊನ್ನಾವರ ತಾಲೂಕಿನದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಒಂದೇ ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳಿದರೂ ಕೇಳುಗರು ಏಳುವುದಿಲ್ಲ. ಕರ್ಣನ ಮಾತು ಕೃಷ್ಣನ ಮಾತಿನಂತೆ ಕೇಳಿಸಿದರೆ ಸುಮ್ಮನಿರುವುದೂ ಇಲ್ಲ. ಇಂಥ ಪ್ರಸಂಗಗಳ ಕ್ಯಾಸೆಟ್‌ಗಳು ಮನೆಮನೆಯ ಟೇಪ್‌ರೆಕಾರ್ಡರಿನಲ್ಲಿ ಸವೆದುಹೋದ ಕಾಲವೂ ಒಂದಿತ್ತು. ಅದಕ್ಕೂ ಮೊದಲಿನಿಂದ, ಅಂದರೆ 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಕಾಲದಿಂದ, ನಾಟಕವನ್ನು ಕಣ್ಣುಮುಚ್ಚಿ ‘ನೋಡುವ’ ರೂಢಿ ಇಲ್ಲಿನವರಿಗಿದೆ. ಹೀಗೆ ಪಳಗಿದ ಕಿವಿಗೆ, ಇಡೀ ಕಾದಂಬರಿಯನ್ನು ಸುದ್ದಿ ಓದಿದಂತೆ ಒಂದೇ ಲಯದಲ್ಲಿ ಓದಿ ಮುಗಿಸಿದರೆ ಏನನ್ನಿಸೀತು?

ಮುಖ್ಯ ತಕರಾರು ಸಂಭಾಷಣೆಯದು. ಉತ್ತರ ಕನ್ನಡದ ಕತೆಗಳಲ್ಲಿ ಒಂದೇ ಕನ್ನಡವಿಲ್ಲ. ಹವ್ಯಕರ ಮನೆಮಾತು, ಹಾಲಕ್ಕಿ ಒಕ್ಕಲಿಗರ ಕನ್ನಡ, ಕೊಂಕಣಿಯ ನೆರಳು ಬಿದ್ದ ಪೇಟೆಯ ಕನ್ನಡ ಇವೆಲ್ಲ ಒಂದೇ ಪುಟದಲ್ಲಿ ಎದುರಾಗಬಹುದು. ಮುದ್ರಿತ ಪುಟದ ಮೇಲೆ ಓದುಗನೇ ತನ್ನೊಳಗೆ ಆ ಧ್ವನಿಯನ್ನು ತುಂಬಿಕೊಳ್ಳುತ್ತಾನೆ. ಕೇಳುಪುಸ್ತಕದಲ್ಲಿ ಆ ಸ್ವಾತಂತ್ರ್ಯವಿಲ್ಲ, ಓದುವವರು ಕೊಟ್ಟಿದ್ದೇ ಧ್ವನಿ. ‘ಮಾಣಿ’ ಎಂದು ಕರೆಯುವ ಅಜ್ಜಿ ಬೆಂಗಳೂರಿನ ಸ್ಟುಡಿಯೋದ ನಯವಾದ ಉಚ್ಚಾರದಲ್ಲಿ ಕರೆದರೆ, ಅವಳು ಅಜ್ಜಿಯಾಗಿ ಉಳಿಯುವುದಿಲ್ಲ, ಪ್ರಕಟಣೆ ಓದುವವಳಾಗುತ್ತಾಳೆ. ಇನ್ನು ಯಂತ್ರದ ಧ್ವನಿಗೆ ಓದಲು ಕೊಟ್ಟರೆ ಹೊನ್ನಾವರ ತಾಲೂಕಿನ ಮಂಕಿ ಎಂಬ ಊರು ಇಂಗ್ಲಿಷಿನ ಕೋತಿಯಾಗಿ ಕಿವಿಗೆ ಬಿದ್ದರೂ ಆಶ್ಚರ್ಯಪಡಬೇಕಿಲ್ಲ.

ಕುಮಟಾ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರನ್ನೇ ತೆಗೆದುಕೊಳ್ಳಬಹುದು. 1979ರ ‘ಶಿಕಾರಿ’ ಬಹುಪಾಲು ನಡೆಯುವುದು ಮುಂಬಯಿಯ ನಾಗಪ್ಪನ ತಲೆಯೊಳಗೆ. ಸಂಶಯದ ಮೇಲೆ ಸಂಶಯ ಹೇರುತ್ತ ಸಾಗುವ ಅಂಥ ಗದ್ಯವನ್ನು ಗಟ್ಟಿಯಾಗಿ ಓದುವವರಿಗೆ ಎಲ್ಲಿ ನಿಲ್ಲಬೇಕು, ಎಲ್ಲಿ ಮಾತು ನುಂಗಬೇಕು ಎಂಬ ಅರಿವು ಇರಲೇಬೇಕು. ಗೋಕರ್ಣದಲ್ಲಿ ಹುಟ್ಟಿದ ಜಯಂತ ಕಾಯ್ಕಿಣಿಯವರ ಕತೆಗಳ ಕಷ್ಟ ಬೇರೆ ಬಗೆಯದು. ಅಲ್ಲಿ ಸಣ್ಣ ವಿವರವೇ ಕತೆಯ ಜೀವ, ಅವಸರಿಸಿದರೆ ಅದೇ ಜಾರಿಹೋಗುತ್ತದೆ. ಇಂಥ ಕಡೆ ಹಿನ್ನೆಲೆ ಸಂಗೀತ ತುಂಬಿ ಭಾವ ಹುಟ್ಟಿಸಲು ಹೊರಡುವುದು, ಓದು ಸೋತಿದೆ ಎಂಬುದರ ತಪ್ಪೊಪ್ಪಿಗೆಯೇ ಸರಿ.

ಓದುವವರ ಪರವಾಗಿಯೂ ಒಂದು ಮಾತು ಸಲ್ಲಬೇಕು. ಅರ್ಥಧಾರಿಗೆ ಮಾತು ಬೆಳೆಸುವ ಹಕ್ಕಿದೆ, ಪುಸ್ತಕ ಓದುವವರಿಗೆ ಒಂದು ಅಕ್ಷರವನ್ನೂ ಸೇರಿಸುವ ಹಕ್ಕಿಲ್ಲ. ಮುನ್ನೂರು ಪುಟಗಳ ಕಾದಂಬರಿಯೆಂದರೆ ಹತ್ತು ಗಂಟೆಗೂ ಮಿಕ್ಕ ಧ್ವನಿಮುದ್ರಣ. ಅದರ ಹಿಂದೆ ಓದಿ, ತಿದ್ದಿ, ಮತ್ತೆ ಓದಿಸುವ ದಿನಗಟ್ಟಲೆಯ ದುಡಿಮೆಯಿರುತ್ತದೆ. ಕೊಳ್ಳುವವರು ಕಡಿಮೆಯಿರುವ ಭಾಷೆಯಲ್ಲಿ ಆ ಖರ್ಚು ಹುಟ್ಟುವುದು ಕಷ್ಟ. ಆದರೆ ಸಂಕ್ಷಿಪ್ತಗೊಳಿಸಿದ ಆವೃತ್ತಿಯನ್ನು ಹಾಗೆಂದು ತಿಳಿಸದೆ ಮಾರಲು, ಓದಿದವರ ಹೆಸರನ್ನೇ ಮರೆಸಲು ಬಡತನ ನೆಪವಾಗದು.

ಇದು ಕೇವಲ ರಸಿಕರ ದೂರಾಗಿದ್ದರೆ ಬಿಟ್ಟುಬಿಡಬಹುದಿತ್ತು. ದೃಷ್ಟಿಯಿಲ್ಲದವರಿಗೆ ಕೇಳುವುದೇ ಓದು. 2012ರ ತಿದ್ದುಪಡಿಯಿಂದ ಭಾರತದ ಕೃತಿಸ್ವಾಮ್ಯ ಕಾಯ್ದೆ ಅಂಗವಿಕಲರಿಗಾಗಿ ಪುಸ್ತಕಗಳನ್ನು ಬೇರೆ ರೂಪಕ್ಕೆ ತರಲು ಅವಕಾಶ ನೀಡಿತು. 2014ರಲ್ಲಿ ಮರ್ರಾಕೇಶ್ ಒಪ್ಪಂದವನ್ನು ಸ್ಥಿರೀಕರಿಸಿದ ಮೊದಲ ದೇಶವೂ ಭಾರತವೇ. 2016ರಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯವೂ ಆರಂಭವಾಯಿತು. ಕಾನೂನು ಬಾಗಿಲು ತೆರೆದಿದೆ. ಒಳಗೆ ಕೇಳಿಸುವ ಕನ್ನಡ ಕಿವಿಗೆ ಹಿತವಾಗಿದೆಯೇ ಎಂಬುದು ಬೇರೆ ಪ್ರಶ್ನೆ. ಕಣ್ಣಿರುವವರು ಬೇಸರವಾದರೆ ಮುದ್ರಿತ ಪ್ರತಿಗೆ ಮರಳುತ್ತಾರೆ. ಕಣ್ಣಿಲ್ಲದವರು ಎಲ್ಲಿಗೆ ಮರಳಬೇಕು?

ಭಟ್ಕಳದ ಪರಿಸ್ಥಿತಿಯನ್ನೂ ಇದರೊಂದಿಗೆ ಇಟ್ಟು ನೋಡಬೇಕು. ಅಲ್ಲಿಯ ನವಾಯತರ ಮನೆಮಾತು ನವಾಯತಿ, ಕನ್ನಡ ಪೇಟೆಯ ಮತ್ತು ಶಾಲೆಯ ಭಾಷೆ. ಕೊಲ್ಲಿ ರಾಷ್ಟ್ರಗಳಲ್ಲಿ ಬೆಳೆದ ಅಲ್ಲಿನ ಮಕ್ಕಳಿಗೆ ಕನ್ನಡ ಲಿಪಿಯ ಪರಿಚಯ ಇಲ್ಲದಿರಬಹುದು, ರಜೆಯಲ್ಲಿ ಊರಿಗೆ ಬಂದಾಗ ಕಿವಿಗೆ ಬಿದ್ದ ಕನ್ನಡ ಇದ್ದೀತು. ಅಂಥವರನ್ನು ಕನ್ನಡದ ಪುಸ್ತಕದವರೆಗೆ ಕರೆತರಬಲ್ಲ ದಾರಿ ಧ್ವನಿಯೊಂದೇ. ಆ ಧ್ವನಿಯಲ್ಲಿ ತಮ್ಮ ಕರಾವಳಿಯ ಸುಳಿವೇ ಇಲ್ಲದಿದ್ದರೆ ಅವರು ಮೊದಲ ಅಧ್ಯಾಯ ದಾಟುವುದು ಸಂಶಯ.

ಇಷ್ಟಾದರೂ ಈ ಅತೃಪ್ತಿ ಪ್ರಕಾಶಕರಿಗೆ ತಲುಪುತ್ತಿಲ್ಲ. ಮುದ್ರಿತ ಕೃತಿಗೆ ಪತ್ರಿಕೆಗಳಲ್ಲಿ ವಿಮರ್ಶೆ ಬರುತ್ತದೆ, ಯಕ್ಷಗಾನದ ಆಟಕ್ಕೂ ಬರುತ್ತದೆ. ಕೇಳುಪುಸ್ತಕದ ಓದನ್ನು ಓದಾಗಿಯೇ ತೂಗುವ ವಿಮರ್ಶೆ ಅಪರೂಪ. ಕನ್ನಡದಲ್ಲಿ ಇಷ್ಟಾದರೂ ಬಂತಲ್ಲ ಎಂಬ ಅಭಿಮಾನದಿಂದ ಕೇಳುಗರೂ ದೂರನ್ನು ನುಂಗಿಕೊಂಡು ‘ಅಡ್ಡಿಲ್ಲ’ ಎಂದುಬಿಡುತ್ತಾರೆ. ಕುಮಟಾದ ಕತೆಯೊಂದನ್ನು ಮುದ್ರಿಸಿಕೊಳ್ಳುವ ಮೊದಲು ಆ ಸೀಮೆಯ ಅರ್ಥಧಾರಿಯನ್ನೋ ಶಾಲಾ ಮಾಸ್ತರರನ್ನೋ ಕೂರಿಸಿ ಒಂದು ಅಧ್ಯಾಯ ಓದಿಸಿ ಕೇಳುವುದಕ್ಕೆ ಪ್ರಕಾಶಕರಿಗೆ ತಗಲುವ ಖರ್ಚು ಒಂದು ಮಧ್ಯಾಹ್ನ ಮಾತ್ರ.