ಬಿರುಗಾಳಿಯಲ್ಲೂ ನಿದ್ದೆ

'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬುದು ಕನ್ನಡದ ಹಳೆಯ ಗಾದೆ. ಸಂತೆಯ ಗದ್ದಲ ಎಲ್ಲರಿಗೂ ಒಂದೇ. ಆದರೂ ಒಬ್ಬ ಗೋಣಿಚೀಲಕ್ಕೆ ಒರಗಿ ಗೊರಕೆ ಹೊಡೆಯುತ್ತಾನೆ. ಇನ್ನೊಬ್ಬನಿಗೆ ಮನೆಯ ಮೆತ್ತನೆಯ ಹಾಸಿಗೆಯ ಮೇಲೂ ಕಣ್ಣಿಗೆ ಕಣ್ಣು ಹತ್ತುವುದಿಲ್ಲ. ಮಗನ ಪರೀಕ್ಷೆಯ ಫಲಿತಾಂಶ, ಮಗಳ ಮದುವೆ, ಬ್ಯಾಂಕಿನ ಸಾಲದ ಕಂತು, ನಾಳೆ ಕೈಗೆ ಬರಲಿರುವ ರಕ್ತಪರೀಕ್ಷೆಯ ವರದಿ, ಒಂದಾದ ಮೇಲೊಂದು ತಲೆದಿಂಬಿನ ಬಳಿ ಬಂದು ಕೂರುತ್ತವೆ.

ಗಾದೆಯ ಸಂತೆಗಿಂತಲೂ ಕಠಿಣವಾದ ಜಾಗದಲ್ಲಿ ಬಂದ ನಿದ್ದೆಯೊಂದರ ಪ್ರಸಂಗ ಬೈಬಲಿನಲ್ಲಿದೆ. ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದಲ್ಲಿ, ದಿನವಿಡೀ ಜನರಿಗೆ ಬೋಧಿಸಿ ದಣಿದ ಯೇಸು ಸಂಜೆ ಶಿಷ್ಯರೊಡನೆ ದೋಣಿ ಹತ್ತಿ ಗಲಿಲಾಯ ಸರೋವರದ ಆಚೆ ದಡಕ್ಕೆ ಹೊರಡುತ್ತಾನೆ. ಈ ಸರೋವರ ಸಮುದ್ರಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿದೆ. ಉದ್ದ ಸುಮಾರು 21 ಕಿಲೋಮೀಟರ್, ಅಗಲ ಹೆಚ್ಚೆಂದರೆ 13 ಕಿಲೋಮೀಟರ್. ಸುತ್ತಲೂ ಗುಡ್ಡಗಳು. ಮೇಲಿನ ತಣ್ಣನೆಯ, ಭಾರವಾದ ಗಾಳಿ ಕಣಿವೆಗಳ ಮೂಲಕ ಕೆಳಕ್ಕೆ ನುಗ್ಗಿದಾಗ, ಶಾಂತವಾಗಿದ್ದ ನೀರು ಸ್ವಲ್ಪ ಹೊತ್ತಿನಲ್ಲೇ ರೌದ್ರರೂಪ ತಾಳುತ್ತದೆ. ಅಂದೂ ಹಾಗೆಯೇ ಆಯಿತು. ದೋಣಿಯೊಳಗೆ ನೀರು ತುಂಬತೊಡಗಿತು. ಶಿಷ್ಯರಲ್ಲಿ ಕೆಲವರು ಅದೇ ಸರೋವರದಲ್ಲಿ ಮೀನು ಹಿಡಿದು ಬದುಕಿದವರು. ಅವರ ಹೆದರಿಕೆ ಅಜ್ಞಾನದ ಹೆದರಿಕೆಯಲ್ಲ, ಅನುಭವಸ್ಥರ ಹೆದರಿಕೆ. ಯೇಸು ಮಾತ್ರ ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ನಿದ್ರಿಸುತ್ತಿದ್ದ. ಅವರು ಅವನನ್ನು ಎಬ್ಬಿಸಿದರು. ಅವನು ಗಾಳಿಯನ್ನು ಗದರಿಸಿ ಸುಮ್ಮನಾಗಿಸಿದ ಮೇಲೆ ಶಿಷ್ಯರತ್ತ ತಿರುಗಿ ಅವರ ಭಯದ ಬಗ್ಗೆ, ಅವರ ನಂಬಿಕೆಯ ಬಗ್ಗೆ ಪ್ರಶ್ನಿಸಿದ.

ಭಯ ಎಂಬುದು ಮನುಷ್ಯನಿಗೆ ಸೃಷ್ಟಿಯಲ್ಲೇ ಬಂದ ಕಾವಲುಗಾರ. ಎದುರಿನಿಂದ ಗೂಳಿ ನುಗ್ಗಿ ಬಂದರೆ, ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕ್ಷಣಾರ್ಧದಲ್ಲಿ ಅಡ್ರಿನಲಿನ್ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ಸ್ನಾಯುಗಳಿಗೆ ರಕ್ತ ಹೆಚ್ಚಾಗಿ ಹರಿಯುತ್ತದೆ, ಯಕೃತ್ತಿನಿಂದ ಸಕ್ಕರೆಯ ಅಂಶ ಬಿಡುಗಡೆಯಾಗುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ, ಬಾಯಿ ಒಣಗುತ್ತದೆ. ಓಡಿ ಪಾರಾಗಲು ಅಥವಾ ನಿಂತು ಎದುರಿಸಲು ದೇಹ ನಡೆಸುವ ಈ ಸಿದ್ಧತೆಯನ್ನು ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ. ಗೂಳಿ ದೂರ ಹೋದ ಮೇಲೆ ಎಲ್ಲವೂ ತಾನಾಗಿ ಇಳಿಯುತ್ತದೆ.

ಚಿಂತೆಯ ಸಮಾಚಾರವೇ ಬೇರೆ. ಅಲ್ಲಿ ಗೂಳಿ ಬೀದಿಯಲ್ಲಿಲ್ಲ, ಮನಸ್ಸಿನಲ್ಲಿದೆ. ಬೀದಿಯ ಗೂಳಿ ಒಮ್ಮೆ ಬಂದು ಹೋಗುತ್ತದೆ. ಮನಸ್ಸಿನ ಗೂಳಿ ರಾತ್ರಿ ಹನ್ನೊಂದಕ್ಕೂ ಬರುತ್ತದೆ, ಎರಡಕ್ಕೂ ಬರುತ್ತದೆ, ಬೆಳಗಿನ ಜಾವ ನಾಲ್ಕಕ್ಕೂ ಬರುತ್ತದೆ. ದೇಹಕ್ಕೆ ಈ ವ್ಯತ್ಯಾಸ ತಿಳಿಯದು. ಪ್ರತಿ ಸಲವೂ ಅದೇ ಗಂಟೆ ಬಾರಿಸುತ್ತದೆ. ಹೀಗೆ ತಿಂಗಳುಗಟ್ಟಲೆ ನಡೆದರೆ ನಿದ್ದೆ ಕೆಡುತ್ತದೆ, ಹೊಟ್ಟೆ ಕೆಡುತ್ತದೆ, ರಕ್ತದ ಒತ್ತಡಕ್ಕೂ ದಾರಿಯಾಗಬಹುದು. ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

'ಹೆದರಬೇಡ, ಧೈರ್ಯವಾಗಿರು' ಎನ್ನುವುದು ಸುಲಭ. ಹೆದರಿದವನಿಗೆ ಅದರಿಂದ ಧೈರ್ಯ ಬರುವುದು ಅಪರೂಪ. ಹಾಗಾದರೆ ಕ್ರೈಸ್ತ ವಿಶ್ವಾಸ ಇಂಥವನಿಗೆ ಕೊಡುವುದಾದರೂ ಏನು? ಇದಕ್ಕೆ ಉತ್ತರ ಕಾಣಲು ಇಂಗ್ಲೆಂಡಿನ ಜಾನ್ ವೆಸ್ಲಿಯ ಬದುಕನ್ನು ನೋಡಬೇಕು. ಮೆಥೊಡಿಸ್ಟ್ ಪಂಥದ ಸ್ಥಾಪಕನೆಂದು ಜಗತ್ತು ಬಲ್ಲ ಈತ ಒಂದು ಕಾಲಕ್ಕೆ ಸಾವಿಗೆ ಬಹಳ ಹೆದರುತ್ತಿದ್ದ ಪಾದ್ರಿಯಾಗಿದ್ದ.

1703ರಲ್ಲಿ ಪಾದ್ರಿಯೊಬ್ಬರ ಮನೆಯಲ್ಲಿ ಹುಟ್ಟಿದ ವೆಸ್ಲಿ ಆಕ್ಸ್‌ಫರ್ಡಿನಲ್ಲಿ ಓದಿ ಅಲ್ಲಿಯೇ ಅಧ್ಯಾಪಕನಾದ. ತಮ್ಮ ಚಾರ್ಲ್ಸ್ ಮತ್ತು ಗೆಳೆಯರೊಡನೆ ಕಟ್ಟುನಿಟ್ಟಿನ ವ್ರತಜೀವನ ನಡೆಸಿದ. ವಾರಕ್ಕೆರಡು ದಿನ ಉಪವಾಸ, ಹೊತ್ತುಹೊತ್ತಿಗೆ ಪ್ರಾರ್ಥನೆ, ಸೆರೆಮನೆಯ ಕೈದಿಗಳ ಭೇಟಿ, ಬಡವರಿಗೆ ಸಹಾಯ, ಎಲ್ಲಕ್ಕೂ ಒಂದು ಕ್ರಮ, ಒಂದು ಲೆಕ್ಕ. ಈ ಕ್ರಮಬದ್ಧತೆಯನ್ನು ಗೇಲಿ ಮಾಡಲು ಇತರ ವಿದ್ಯಾರ್ಥಿಗಳು ಇಟ್ಟ ಅಡ್ಡಹೆಸರೇ 'ಮೆಥೊಡಿಸ್ಟ್'.

1735ರಲ್ಲಿ ಆತ 'ಸಿಮ್ಮಂಡ್ಸ್' ಎಂಬ ಹಡಗು ಹತ್ತಿ ಅಮೆರಿಕದ ಜಾರ್ಜಿಯಾ ವಸಾಹತಿಗೆ ಹೊರಟ. ಅದೇ ಹಡಗಿನಲ್ಲಿ 26 ಮಂದಿ ಜರ್ಮನರ ಗುಂಪೊಂದಿತ್ತು. ಅವರು ಮೊರೇವಿಯನ್ ಎಂಬ ಕ್ರೈಸ್ತ ಪಂಗಡದವರು. ಅವರೊಡನೆ ಮಾತಾಡಲೆಂದೇ ವೆಸ್ಲಿ ಜರ್ಮನ್ ಭಾಷೆ ಕಲಿಯತೊಡಗಿದ. ಅವರ ನಡತೆ ಅವನ ಗಮನ ಸೆಳೆಯಿತು. ಬೇರೆ ಪ್ರಯಾಣಿಕರು ಮಾಡಲು ಒಪ್ಪದ ಕೀಳು ಕೆಲಸಗಳನ್ನು ಅವರು ಇತರರಿಗಾಗಿ ಮಾಡುತ್ತಿದ್ದರು. ಕೂಲಿ ಕೊಟ್ಟರೆ ಬೇಡವೆನ್ನುತ್ತಿದ್ದರು. ಯಾರಾದರೂ ತಳ್ಳಿದರೆ, ಹೊಡೆದರೆ, ಎದ್ದು ಸುಮ್ಮನೆ ಹೋಗುತ್ತಿದ್ದರು.

ಅಟ್ಲಾಂಟಿಕ್ ಸಾಗರದಲ್ಲಿ ಒಂದರ ಹಿಂದೆ ಒಂದು ಬಿರುಗಾಳಿ ಎದುರಾಯಿತು. 1736ರ ಜನವರಿ 25ರಂದು, ಭಾನುವಾರ ಸಂಜೆ, ಮೊರೇವಿಯನ್ನರು ಆರಾಧನೆಗೆ ಕುಳಿತು ಕೀರ್ತನೆ ಹಾಡುತ್ತಿದ್ದಾಗ ಅಲೆಯೊಂದು ಹಡಗಿನ ಮೇಲೆ ಎರಗಿತು. ದೊಡ್ಡ ಹಾಯಿಪಟ ಹರಿದು ಚೂರಾಯಿತು. ಅಟ್ಟಗಳ ನಡುವೆ ನೀರು ಸುರಿಯಿತು. ಇಂಗ್ಲಿಷರ ನಡುವೆ ಕೂಗಾಟ, ಚೀರಾಟ. ಜರ್ಮನರು ತಲೆಯೆತ್ತಿ ನೋಡಿದರು, ಮತ್ತೆ ಹಾಡನ್ನು ಮುಂದುವರಿಸಿದರು. ಗಾಳಿ ಇಳಿದ ಮೇಲೆ ವೆಸ್ಲಿ ಅವರಲ್ಲೊಬ್ಬನನ್ನು ಹೆದರಿಕೆಯಾಗಲಿಲ್ಲವೇ ಎಂದು ಕೇಳಿದ. ದೇವರ ದಯೆಯಿಂದ ಇಲ್ಲವೆಂದು ಉತ್ತರ ಬಂತು. ಹೆಂಗಸರು ಮಕ್ಕಳ ಗತಿಯೇನೆಂದು ಮತ್ತೆ ಕೇಳಿದ. ಅವರಿಗೂ ಸಾವಿನ ಭಯವಿಲ್ಲವೆಂದು ಆ ಮನುಷ್ಯ ಸಾವಧಾನವಾಗಿ ಹೇಳಿದ.

ಈ ಉತ್ತರವನ್ನು ಗಮನವಿಟ್ಟು ನೋಡಬೇಕು. ಹಡಗು ಮುಳುಗುವುದೇ ಇಲ್ಲವೆಂದು ಆತ ಹೇಳಲಿಲ್ಲ. ವಿಶ್ವಾಸಿಗಳಿದ್ದ ಹಡಗುಗಳೂ ಮುಳುಗಿವೆ, ಪ್ರಾರ್ಥನೆ ಮಾಡಿದವರ ಮನೆಯಲ್ಲೂ ಸಾವು ಸಂಭವಿಸಿದೆ. ಮುಳುಗಿದರೂ ತಾವು ದೇವರ ಕೈಯಿಂದ ಜಾರುವುದಿಲ್ಲ ಎಂಬುದು ಅವರ ಭರವಸೆಯಾಗಿತ್ತು. ಹಾಡುವುದರಿಂದ ಉಸಿರು ನಿಧಾನವಾಗಿ ಹೊರಬಂದು ಎದೆಬಡಿತ ತುಸು ಇಳಿದಿರಬಹುದು ಎಂದು ಇಂದಿನ ವಿಜ್ಞಾನ ಹೇಳಬಹುದು. ಅದು ಸರಿಯೇ. ಆದರೆ ವೆಸ್ಲಿಗೂ ಕೀರ್ತನೆಗಳು ಗೊತ್ತಿದ್ದವು. ಪ್ರಾರ್ಥನೆಯಲ್ಲಿ, ಉಪವಾಸದಲ್ಲಿ, ಪಾಂಡಿತ್ಯದಲ್ಲಿ ಆತ ಯಾರಿಗೂ ಕಡಿಮೆಯಿರಲಿಲ್ಲ. ಅವನಲ್ಲಿ ಇಲ್ಲದಿದ್ದುದು ಯಾವುದು?

ರಾತ್ರಿ ಬಸ್ಸು ಘಟ್ಟ ಇಳಿಯುವುದನ್ನು ನೆನೆಸಿಕೊಂಡರೆ ಇದು ಅರ್ಥವಾದೀತು. ಮುಂದಿನ ಸೀಟಿನಲ್ಲಿ ಕುಳಿತ ಹಿರಿಯರೊಬ್ಬರು ಪ್ರತಿ ತಿರುವಿನಲ್ಲೂ ಬಲಗಾಲನ್ನು ನೆಲಕ್ಕೆ ಒತ್ತುತ್ತಾರೆ, ಬ್ರೇಕು ತಮ್ಮ ಕಾಲ ಕೆಳಗೇ ಇರುವಂತೆ. ಘಟ್ಟ ಇಳಿಯುವಷ್ಟರಲ್ಲಿ ಅವರ ಕಾಲು ನೋಯುತ್ತದೆ, ಬಸ್ಸಿನ ವೇಗ ಮಾತ್ರ ಅವರಿಂದ ಕೂದಲೆಳೆಯಷ್ಟೂ ಕಡಿಮೆಯಾಗಿರುವುದಿಲ್ಲ. ಹಿಂದಿನ ಸೀಟಿನಲ್ಲಿ ಮಗುವೊಂದು ಅಮ್ಮನ ಮಡಿಲಲ್ಲಿ ನಿದ್ರಿಸುತ್ತಿರುತ್ತದೆ. ತಿರುವುಗಳು ಇಬ್ಬರಿಗೂ ಒಂದೇ. ಮಗುವಿಗೆ ಬ್ರೇಕಿನ ಯಂತ್ರಶಾಸ್ತ್ರ ಗೊತ್ತಿಲ್ಲ. ತಾನು ಯಾರ ಮಡಿಲಲ್ಲಿದ್ದೇನೆ ಎಂಬುದು ಗೊತ್ತು. ವೆಸ್ಲಿ ಅಲ್ಲಿಯವರೆಗೆ ತನ್ನ ಆತ್ಮದ ಬ್ರೇಕನ್ನು ತಾನೇ ಒತ್ತುತ್ತಿದ್ದ. ಇಷ್ಟು ಉಪವಾಸ ಸಾಕೇ, ಇಷ್ಟು ಸೇವೆ ಸಾಕೇ, ದೇವರು ತನ್ನನ್ನು ಒಪ್ಪುತ್ತಾನೆಯೇ ಎಂಬ ಲೆಕ್ಕದಲ್ಲೇ ಅವನ ದಿನಗಳು ಕಳೆಯುತ್ತಿದ್ದವು. ಸಾವು ಎದುರಿಗೆ ಬಂದಾಗ ಆ ಲೆಕ್ಕ ಸಾಲದು ಎನಿಸುತ್ತಿತ್ತು.

ಜಾರ್ಜಿಯಾದ ಸೇವೆ ವಿಫಲವಾಗಿ, ವ್ಯಾಜ್ಯದಲ್ಲಿ ಸಿಲುಕಿ, 1738ರ ಆರಂಭದಲ್ಲಿ ಆತ ಇಂಗ್ಲೆಂಡಿಗೆ ಮರಳಿದ. ಅಪಾಯವಿಲ್ಲದಾಗ ತನ್ನ ಮಾತಿಗೆ ಕೊರತೆಯಿಲ್ಲ, ಸಾವು ಮುಖಕ್ಕೆ ಮುಖ ಕೊಟ್ಟಾಗ ಮನಸ್ಸು ಕಲಕಿ ಹೋಗುತ್ತದೆ ಎಂಬರ್ಥದಲ್ಲಿ ಹಿಂದಿರುಗುವ ಹಡಗಿನಲ್ಲೇ ದಿನಚರಿಯಲ್ಲಿ ಬರೆದುಕೊಂಡ. ಲಂಡನ್ನಿನಲ್ಲಿ ಪೀಟರ್ ಬೋಲರ್ ಎಂಬ ಮೊರೇವಿಯನ್ ಯುವಕನ ಪರಿಚಯವಾಯಿತು. ದೇವರ ಪ್ರೀತಿಯನ್ನು ದುಡಿದು ಗಳಿಸಬೇಕಾಗಿಲ್ಲ, ಕೈಚಾಚಿ ಸ್ವೀಕರಿಸಬೇಕು ಎಂಬ ವಿಚಾರ ಅವನಲ್ಲಿ ಬೇರೂರತೊಡಗಿತು. 1738ರ ಮೇ 24ರ ಸಂಜೆ ಆತ ಮನಸ್ಸಿಲ್ಲದ ಮನಸ್ಸಿನಿಂದ ಆಲ್ಡರ್ಸ್‌ಗೇಟ್ ಬೀದಿಯ ಸಭೆಯೊಂದಕ್ಕೆ ಹೋದ. ಅಲ್ಲಿ ರೋಮಾಪುರದವರಿಗೆ ಪೌಲ ಬರೆದ ಪತ್ರಿಕೆಗೆ ಮಾರ್ಟಿನ್ ಲೂಥರ್ ಬರೆದಿದ್ದ ಪೀಠಿಕೆಯನ್ನು ಓದಲಾಗುತ್ತಿತ್ತು. ಒಂಬತ್ತು ಗಂಟೆಗೆ ಇನ್ನೂ ಕಾಲು ಗಂಟೆ ಇತ್ತು. ಕ್ರಿಸ್ತನೊಬ್ಬನೇ ತನಗೆ ಸಾಕು, ತನ್ನಂಥವನ ಪಾಪಗಳನ್ನೂ ಆತ ಹೊತ್ತಿದ್ದಾನೆ ಎಂಬ ಭರವಸೆ ಎದೆಯೊಳಗೆ ಬೆಚ್ಚಗೆ ಮೂಡಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ನೀತಿಪಾಠವಾಗುತ್ತಿತ್ತು. ಆದರೆ ಅದೇ ರಾತ್ರಿ ಮನೆಗೆ ಬಂದ ಮೇಲೂ ಶಂಕೆಗಳು ಅವನನ್ನು ಕಾಡಿದವು. 1739ರ ಜನವರಿಯಲ್ಲಿ ಆತ ತನ್ನ ವಿಶ್ವಾಸದ ಬಗ್ಗೆಯೇ ಕಟುವಾಗಿ ಬರೆದುಕೊಂಡಿದ್ದಾನೆ. ಭಯ ಒಂದೇ ದಿನದಲ್ಲಿ ಗಂಟುಮೂಟೆ ಕಟ್ಟಲಿಲ್ಲ. ಬದಲಾದದ್ದೆಂದರೆ, ಭಯ ಬಂದಾಗ ಎಲ್ಲಿಗೆ ಹೋಗಬೇಕೆಂಬುದು ಅವನಿಗೆ ತಿಳಿದಿತ್ತು. ಭಯ ಪೂರಾ ತೊಲಗಲಿ ಎಂದು ಕಾಯುತ್ತಲೂ ಆತ ಕೂರಲಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಬ್ರಿಸ್ಟಲ್ ಬಳಿ ಬಯಲಿನಲ್ಲಿ ನಿಂತು ಕಲ್ಲಿದ್ದಲು ಗಣಿಯ ಕಾರ್ಮಿಕರಿಗೆ ಬೋಧಿಸಿದ. 1743ರಲ್ಲಿ ವೆಡ್ನ್ಸ್‌ಬರಿಯಲ್ಲಿ ರೊಚ್ಚಿಗೆದ್ದ ಗುಂಪು ಅವನನ್ನು ಎಳೆದಾಡಿದಾಗ ಶಾಂತನಾಗಿ ಅವರೊಡನೆ ನಡೆದ. ಅರ್ಧ ಶತಮಾನ ಕಾಲ ಕುದುರೆಯ ಮೇಲೆ ದೇಶವಿಡೀ ಸುತ್ತಿ, 1791ರ ಮಾರ್ಚ್ 2ರಂದು, 87ನೆಯ ವಯಸ್ಸಿನಲ್ಲಿ, ದೇವರು ಜೊತೆಗಿದ್ದಾನೆಂಬ ಸಮಾಧಾನದಲ್ಲಿ ಕಣ್ಣು ಮುಚ್ಚಿದ. ಅವನ ಹೆಸರಿನ ಮಿಷನ್ 19ನೇ ಶತಮಾನದಲ್ಲಿ ಮೈಸೂರು ಸೀಮೆಗೂ ಬಂತು. 1906ರಲ್ಲಿ ಆರಂಭವಾಗಿ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆಯಾದ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಆ ಮಿಷನ್ನಿನದೇ ಕೊಡುಗೆ.

ಆಸ್ಪತ್ರೆಯ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ವಿಶ್ವಾಸಿಗೆ ಚಿಂತೆಯೇ ಬರಬಾರದು, ಬಂದರೆ ವಿಶ್ವಾಸ ಕಡಿಮೆ ಎಂದು ದೂರುವವರಿದ್ದಾರೆ. ಹೀಗೆ ದೂರಿದರೆ ನೊಂದವನ ತಲೆಯ ಮೇಲೆ ಇನ್ನೊಂದು ಕಲ್ಲು ಹೇರಿದಂತೆ. ದೋಣಿಯಲ್ಲಿ ನಿದ್ರಿಸಿದ ಯೇಸುವೇ ಗೆತ್ಸೆಮನೆ ತೋಟದಲ್ಲಿ ನಿದ್ದೆಯಿಲ್ಲದೆ, ಬೆವರು ಸುರಿಸಿ, ಬರಲಿರುವ ಸಂಕಟ ತಪ್ಪಲಿ ಎಂದು ಬೇಡಿಕೊಂಡ. ಸಂಕಟ ತಪ್ಪಲಿಲ್ಲ. ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿ, ಎದ್ದು ಎದುರಿಗೆ ನಡೆದ. ನಡುಕ ಪಾಪವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ವೆಸ್ಲಿಯಂತೂ ಬಡವರಿಗಾಗಿ ಔಷಧ ಹಂಚುವ ಕೇಂದ್ರಗಳನ್ನು ತೆರೆದ. 1747ರಲ್ಲಿ ಮನೆಮದ್ದಿನ ಪುಸ್ತಕ ಪ್ರಕಟಿಸಿದ. ಅದರಲ್ಲಿನ ಎಷ್ಟೋ ಮದ್ದುಗಳನ್ನು ಇಂದಿನ ವೈದ್ಯರು ಒಪ್ಪಲಾರರು, ಆದರೆ ಪ್ರಾರ್ಥನೆಗೂ ಮದ್ದಿಗೂ ಜಗಳವಿಲ್ಲ ಎಂಬ ಅವನ ತಿಳಿವಳಿಕೆಯನ್ನು ಒಪ್ಪಬೇಕು. ವಾರಗಟ್ಟಲೆ ನಿದ್ದೆಯಿಲ್ಲದೆ, ಊಟ ಸೇರದೆ, ಕಾರಣವಿಲ್ಲದೆ ಎದೆ ಡವಗುಟ್ಟುವವರು ಪ್ರಾರ್ಥನೆಯ ಜೊತೆಗೇ ವೈದ್ಯರನ್ನೂ ಕಾಣಬೇಕು. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದರೆ ಹಣವಿಲ್ಲದೆ ಸಲಹೆ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ.

ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು ಹಕ್ಕಿಗಳನ್ನೂ ಹೊಲದ ಹೂಗಳನ್ನೂ ತೋರಿಸಿ, ನಾಳೆಯ ಭಾರವನ್ನು ಇಂದೇ ಹೊರಬೇಡಿರೆಂದು ಬೋಧಿಸುತ್ತಾನೆ. ಇದು ಸೋಮಾರಿತನದ ಪಾಠವಲ್ಲ. ಗೀಜಗ ಮಳೆಗಾಲಕ್ಕೆ ಮುನ್ನ ಎಳೆ ಎಳೆಯಾಗಿ ಹುಲ್ಲು ಸೀಳಿ ತಂದು ಗೂಡು ನೇಯುತ್ತದೆ. ಆ ಹಕ್ಕಿಗಿಂತ ಶ್ರಮಜೀವಿ ಯಾರು? ಮಗಳ ಮದುವೆಗೆ ಹಣ ಕೂಡಿಸುವುದು ಇಂದಿನ ಕೆಲಸ, ಸಾಲದ ಕಂತು ಕಟ್ಟುವುದು ಇಂದಿನ ಕೆಲಸ, ವೈದ್ಯರು ಹೇಳಿದ ಪರೀಕ್ಷೆ ಮಾಡಿಸುವುದು ಇಂದಿನ ಕೆಲಸ. ವರದಿಯಲ್ಲಿ ಏನು ಬರೆದಿರುತ್ತದೆ ಎಂಬುದು ಮಾತ್ರ ಮನುಷ್ಯನ ಕೈಯಲ್ಲಿಲ್ಲ.

ಪೌಲ ಫಿಲಿಪ್ಪಿಯ ಸಭೆಗೆ ಪತ್ರ ಬರೆದದ್ದು ಸೆರೆಯಲ್ಲಿದ್ದಾಗ. ಚಿಂತೆಯನ್ನು ಪ್ರಾರ್ಥನೆಯಾಗಿ ಮಾರ್ಪಡಿಸಿ, ಕೃತಜ್ಞತೆಯೊಡನೆ ದೇವರ ಮುಂದಿಡಿ ಎಂಬುದು ಅಲ್ಲಿ ಆತ ನೀಡುವ ಸಲಹೆಯ ತಿರುಳು. ಕ್ರೈಸ್ತ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ನಡೆಯುವ ಕುಟುಂಬ ಪ್ರಾರ್ಥನೆಯ ಸಾರವೂ ಇದೇ. ಎದೆಯಲ್ಲಿ ಹೆಸರಿಲ್ಲದೆ ಸುತ್ತುತ್ತಿದ್ದ ಭಯಕ್ಕೆ ಅಲ್ಲಿ ಹೆಸರು ಸಿಗುತ್ತದೆ. ಒಬ್ಬನೇ ಹೊತ್ತದ್ದು ಮನೆಮಂದಿಯ ಮಾತಾಗುತ್ತದೆ, ಮನೆಮಂದಿಯ ಮಾತು ದೇವರ ಪಾದ ಸೇರುತ್ತದೆ. ಬಳಿಕ ದೀಪ ಆರಿಸಿ ಮಲಗಬೇಕು. ಘಟ್ಟದ ತಿರುವುಗಳು ಇನ್ನೂ ಇವೆ. ನೆಲಕ್ಕೆ ಒತ್ತಿದ ಕಾಲನ್ನು ಮಾತ್ರ ಸಡಿಲ ಬಿಡಬಹುದು.